ಐದು ಮೊಟ್ಟೆ, ಒಂದು ಟೀ ಚಮಚ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನನ್ನ ಮಿಕ್ಸಿ ರಿಪೇರಿ ಅಂಗಡಿ.
ಅದರ ಹಿಂದೆ ಎರಡು ಕೋಣೆ, ಮೇಲೆ ತಾರಸಿ,
ತಾರಸಿಯ ತಗಡಿನ ನೆರಳಲ್ಲಿ
ಹಳೇ ಫ್ಯಾನಿನ ಜಾಲರಿ ಬಿಚ್ಚಿ ನಾನೇ ಕಟ್ಟಿದ ಗೂಡು.
ಹೆಬ್ಬೆರಳ ಗಾತ್ರದ ಹದಿನೇಳು ಜೀವ.
ಎಣಿಸಿ ಮುಗಿಸುವಷ್ಟರಲ್ಲಿ ಹದಿನಾರು,
ಮತ್ತೆ ಎಣಿಸಿದರೆ ಹದಿನೆಂಟು.

ಜೀಬ್ರಾ ಫಿಂಚಿಗೆ ಕಿತ್ತಳೆ ಕೆನ್ನೆ, ಕೆಂಪು ಕೊಕ್ಕು,
ಕೂಗು ಮಾತ್ರ ರಬ್ಬರ್ ಬೊಂಬೆ ಅದುಮಿದ ಹಾಗೆ:
ಮೀಪ್. ಮೀಪ್.
ಬೆಂಗಾಲಿ ಫಿಂಚು ಕಂದು, ಸಾಧು,
ನಮ್ಮ ರಾಗಿಹೊಲದ ರಾಟವಾಳದ ದಾಯಾದಿ.
ಯಾವ ಮರಿ ಬಾಯಿ ತೆರೆದರೂ
ಯಾರದು ಎಂದು ಕೇಳದೆ ತುತ್ತಿಡುತ್ತದೆ.
ಅದರ ಹಾಡು
ಮುಚ್ಚಳದ ಕೆಳಗೆ ಸಾರು ಕುದ್ದ ಹಾಗೆ, ಮೆಲ್ಲಗೆ, ತಡವಾಗಿ.

ನವಣೆ, ಸಜ್ಜೆ, ಕಡಲನೊರೆಯ ತುಂಡು,
ಸಿಪ್ಪೆ ಸಮೇತ ಪುಡಿ ಮಾಡಿದ ಬೆಂದ ಮೊಟ್ಟೆ.
'ನಮಗೆ ವಾರಕ್ಕೊಂದು, ಅವಕ್ಕೆ ದಿನಾ ಒಂದಾ?'
ಅನ್ನುತ್ತಾಳೆ ಕುಸುಮಾ,
ಅನ್ನುತ್ತಲೇ ಬೇಯಿಸುತ್ತಾಳೆ.

ಪುಷ್ಯದ ಒಂದು ಮುಂಜಾನೆ, ಹಾಸನದ ಆ ಚಳಿಯಲ್ಲಿ,
ಜೀಬ್ರಾ ಹೆಣ್ಣು ಗೂಡಿನ ನೆಲಕ್ಕೆ ಬಂದು
ಹತ್ತಿಯುಂಡೆಯಾಗಿ ಕೂತಿತ್ತು.
ಐದು ಇಟ್ಟಿತ್ತು, ಆರನೆಯದು ಒಳಗೇ ಕಟ್ಟಿಕೊಂಡಿತ್ತು.
ಬೆಚ್ಚಗಿನ ಹರಳೆಣ್ಣೆಯ ಹನಿ, ಅರವತ್ತರ ಬಲ್ಬು,
ನನಗೆ ಗೊತ್ತಿದ್ದದ್ದು ಅಷ್ಟೇ.
ಮಧ್ಯಾಹ್ನ ಮೂರಕ್ಕೆ ಅಂಗೈಯಲ್ಲಿ ತೂಕ ಬದಲಾಯಿತು.
ಗಂಡು ಅರ್ಧ ದಿನ ಕಾವು ಕೂತು
ಆಮೇಲೆ ನೀರಿನ ಬಟ್ಟಲಿಗೆ ಹಾರಿ, ಸ್ನಾನ ಮಾಡಿ, ಮರೆತುಬಿಟ್ಟಿತು.

ಮೇದಿನಿ ಮೊಬೈಲಿನ ಟಾರ್ಚು ಹಿಡಿದಳು.
ಮೊಟ್ಟೆಯ ಹಿಂದೆ ಬೆಳಕು ಹೊತ್ತಿದಾಗ
'ಇಲ್ಲಿ ನೋಡಿ, ಕೆಂಪು ದಾರ' ಅಂದಳು.
ಎರಡು ಬರಿದು. ಮೂರರಲ್ಲಿ ದಾರ.
ಟೀ ಚಮಚದಲ್ಲಿ ಒಂದೊಂದನ್ನೇ
ಬೆಂಗಾಲಿಗಳ ಮಡಕೆಗೆ ದಾಟಿಸಿದೆವು.
ಅವಳ ಕೈ ನಡುಗಲಿಲ್ಲ. ನನ್ನದು ನಡುಗಿತು.

ನಾಲ್ಕು ವರ್ಷದವಳಿದ್ದಾಗ ಈ ಮನೆಗೆ ಬಂದವಳು,
ಒಂದು ಕೈಯಲ್ಲಿ ಅಮ್ಮನ ಸೆರಗು,
ಇನ್ನೊಂದರಲ್ಲಿ ತನ್ನದೇ ಸ್ಟೀಲ್ ಲೋಟ.
ಈಗ ಹತ್ತು.
ನನ್ನನ್ನು ಇಂದಿಗೂ ಏನೆಂದೂ ಕರೆಯುವುದಿಲ್ಲ,
'ಇಲ್ಲಿ ನೋಡಿ' ಅನ್ನುತ್ತಾಳೆ.
ನೋಡುತ್ತೇನೆ.

ಹದಿಮೂರನೇ ದಿನ ನೆಲದ ಮೇಲೆ ಚಿಪ್ಪಿನ ಚೂರು.
ಒಂದು ಮರಿ ಆರೇ ದಿನಕ್ಕೆ ತಣ್ಣಗಾಯಿತು;
ಒಡೆದ ಮಿಕ್ಸಿ ಜಾರಿನಲ್ಲಿ ದೊಡ್ಡಪತ್ರೆ ಹಾಕಿದ್ದೆವಲ್ಲ,
ಅದರ ಬುಡದಲ್ಲಿದೆ.
ಉಳಿದೆರಡರಲ್ಲಿ ಒಂದು ಹೆಣ್ಣು.
ಇನ್ನೊಂದರ ಕೆನ್ನೆಗೆ ಎರಡು ತಿಂಗಳಿಗೆ ಕಿತ್ತಳೆ ಬಂತು,
ಎದೆಗೆ ಪಟ್ಟೆ ಬಂತು, ಕೊಕ್ಕು ಕೆಂಪಾಯಿತು,
ಒಂದು ಭಾನುವಾರ ಎದೆಯುಬ್ಬಿಸಿ ಬಾಯಿ ತೆರೆದರೆ

ಸಾರು ಕುದಿಯಿತು.

ಪೆನ್ಷನ್ ಮೊಹಲ್ಲಾದ ಅಕ್ಮಲ್ ಭಾಯಿ
ಕಣ್ಣು ಮುಚ್ಚಿ ಕೇಳಿದರು, ಮತ್ತೆ ಕೇಳಿದರು.
'ಬಟ್ಟೆ ಜೀಬ್ರಾದು, ಬಾಯಿ ಬೆಂಗಾಲಿದು.
ಸಾಕಿದವರ ಹಾಡೇ ಹತ್ತೋದು ಇವಕ್ಕೆ.
ಹೆಣ್ಣು ಒಪ್ಪೋದು ಕಷ್ಟ. ನೂರೈವತ್ತು ಕೊಡ್ತೀನಿ.'
ಡಿಫೆಕ್ಟ್ ಪೀಸು ಅನ್ನಲಿಲ್ಲ, ಒಳ್ಳೆಯ ಮನುಷ್ಯ.
ನಾನು ಪಂಜರದ ಮೇಲೆ ಟವೆಲ್ ಹೊದಿಸಿದೆ.
'ಇವತ್ತು ಬೇಡ ಬಿಡಿ ಭಾಯಿ.'
'ನಾಳೆ?'
ಚಹಾ ಕುಡಿದು ಎದ್ದೆ.

ವಾಪಸು ಬಂದಾಗ ಅಂಗಡಿಯ ಎತ್ತರದ ಸ್ಟೂಲಿನಲ್ಲಿ ಮೇದಿನಿ,
ಕಾಲು ನೆಲ ಮುಟ್ಟುತ್ತಿರಲಿಲ್ಲ.
ಎದುರಿಗೆ ಸಾಲಗಾಮೆ ರಸ್ತೆಯ ಟೀಚರಮ್ಮ,
ಮೂರನೇ ಸಲ, ಸಿಟ್ಟಿನಲ್ಲಿ, ತಮ್ಮ ಮಿಕ್ಸಿ ಕೇಳುತ್ತಿದ್ದರು.
ಮೇದಿನಿ ಸ್ಕ್ರೂಡ್ರೈವರಿನ ಹಿಡಿಯಿಂದ ಕಿವಿ ಕೆರೆದುಕೊಂಡಳು,
ಗಂಟಲು ಸರಿಮಾಡಿಕೊಂಡಳು, ಎರಡು ಸಲ,
ಗೋಡೆಯ ಕಡೆ ನೋಡುತ್ತಾ
ರಾಗ ಎಳೆದು ಹೇಳಿದಳು:
'ಕಾಯಿಲ್ ಬಂದಿಲ್ಲಾ ಮೇಡಂ,
ನಾಳೆ ಸಂಜೇ ಬನ್ನಿ, ಗ್ಯಾರಂಟೀ.'

ಟವೆಲಿನ ಕೆಳಗೆ ಹಕ್ಕಿ ಕುದಿಯತೊಡಗಿತು.
ಬಾಗಿಲಲ್ಲೇ ನಿಂತೆ.
ಆ ಮಿಕ್ಸಿಯ ತಳ
ನಾನಿನ್ನೂ ಬಿಚ್ಚೇ ಇರಲಿಲ್ಲ.